ಹಜಾರದಲ್ಲಿ ನಿಂತಿದ್ದ ಕಾರು

ಅಪ್ಪ ಹೋಗಿ ಒಂದು ವರ್ಷದ ಮೇಲೆ ಮೂರು ತಿಂಗಳಾಯಿತು. ಈಗ ನಮ್ಮ ಮನೆಯ ಹಜಾರ ಖಾಲಿಯಿದೆ. ಬೆಳಿಗ್ಗೆ ಎದ್ದು ಹೊರಗೆ ಬರುವಾಗ ನಾನು ಇವತ್ತಿಗೂ ಎಡಕ್ಕೆ ವಾಲಿ, ಗೋಡೆಗೆ ಭುಜ ಸವರಿಕೊಂಡೇ ನಡೆಯುತ್ತೇನೆ. ಅಡ್ಡ ಏನೂ ಇಲ್ಲ. ಹತ್ತಿರ ಹತ್ತಿರ ನಲವತ್ತು ವರ್ಷ ಅಲ್ಲೊಂದು ಕಾರು ನಿಂತಿತ್ತು, ಮೈಗೆ ಅದು ಅಭ್ಯಾಸವಾಗಿಬಿಟ್ಟಿದೆ.

ನಂಜನಗೂಡಿನ ನಮ್ಮ ಮನೆ ಮೊದಲು ಮನೆಯಾಗಿರಲಿಲ್ಲ, ಯಾರದೋ ಬೆಲ್ಲದ ಮಂಡಿಯಾಗಿತ್ತು. ಬೀದಿಗೆ ಎದುರಾಗಿ ಒಂದು ಉದ್ದನೆಯ ಹಜಾರ. ಅದಕ್ಕೆ ಬಾಗಿಲಿನ ಬದಲು ಒಂದೊಂದಾಗಿ ಎತ್ತಿ ತೆಗೆದಿಡುವ ಹಲಗೆಗಳಿದ್ದವು. ಹಿಂದೆ ಒಂದು ಕೋಣೆ, ಅಡುಗೆಮನೆ, ಬಚ್ಚಲು, ಆಮೇಲೆ ಒಂದು ನುಗ್ಗೆಮರ. ಬೇಸಿಗೆಯಲ್ಲಿ ನೆಲದ ಸಂದುಗಳಿಂದ ಇನ್ನೂ ಬೆಲ್ಲದ ವಾಸನೆ ಏಳುತ್ತಿತ್ತು, ಇರುವೆಗಳು ಸಾಲುಗಟ್ಟುತ್ತಿದ್ದವು. ಅಪ್ಪ ಲಾರಿಗಳಿಗೆ ಟಿಂಕರಿಂಗ್ ಮಾಡುತ್ತಿದ್ದ. ಅಂದರೆ ಕುಸಿದ ತಗಡನ್ನು ಬಡಿದು ಮೊದಲಿನಂತೆ ಮಾಡುವ ಕೆಲಸ. ಹುಲ್ಲಹಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯ ಲಾರಿಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಆ ಗಿರಣಿಯ ಗೋಡೌನಿನಲ್ಲಿ ತೌಡಿನ ಮೂಟೆಗಳ ಹಿಂದೆ ಒಂದು ಅಮೆರಿಕದ ಕಾರು ಇತ್ತು. ಯಾವುದೋ ಎಸ್ಟೇಟಿನ ದೊರೆ ಓಡಿಸಿ ಬಿಟ್ಟುಹೋದದ್ದಂತೆ. ಓಟದ ಕಾರು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇಡೀ ಮೈಸೂರು ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಗಿರಣಿಯವರು ಜಾಗವಾದರೆ ಸಾಕೆಂದು ಅದನ್ನು ಅಪ್ಪನಿಗೆ ಕೊಟ್ಟುಬಿಟ್ಟರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು, ಹಲಗೆಗಳನ್ನೆಲ್ಲ ಬಿಚ್ಚಿ, ಬೀದಿಯವರೆಲ್ಲ ಸೇರಿ ಹಜಾರದೊಳಗೆ ನೂಕಿದರು. ಆಗ ನನಗೆ ಏಳು ವರ್ಷ. ಅವ್ವ ಸೊಂಟಕ್ಕೆ ಕೈ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

“ಎಲ್ಡೇ ಸೀಟು ಅಲ್ವಾ? ಕೂಸ್ನ ಎಲ್ಲಿ ಕೂರಿಸ್ತೀಯ, ಡಿಕ್ಕೀಲಾ?”

“ಮಧ್ಯದಲ್ಲಿ ಕೂರ್ತದೆ ಬುಡು.”

“ಸ್ಟೇರಿಂಗು ಎಡಗಡೀಕದೆ. ಇದ್ರಲ್ಲಿ ನೆಟ್ಟಗಿರೋದು ಒಂದಾದ್ರೂ ಅದಾ?”

“ಒಂದ್ ದಿನ ನಿನ್ನ ಇದ್ರಲ್ಲೇ ಸೋಸಲೆಗೆ ಕರ್ಕೊಂಡೋಯ್ತೀನಿ. ಆಗ ಮಾತಾಡು.”

ಸೋಸಲೆ ಅವ್ವನ ತವರು, ತಿ. ನರಸೀಪುರದ ಪಕ್ಕ. ಆ ಮಾತು ಕೇಳಿ ಅವ್ವ ಹಜಾರದಲ್ಲಿ ಉಳಿದಿದ್ದ ಒರಳು, ರಾಗಿ ಮೂಟೆ, ಚಾಪೆಗಳನ್ನು ಹಿಂದಿನ ಕೋಣೆಗೆ ಸಾಗಿಸತೊಡಗಿದಳು. ಒಪ್ಪಿಗೆ ಎಂದರೆ ಅವಳ ಲೆಕ್ಕದಲ್ಲಿ ಅಷ್ಟೇ.

ಅಪ್ಪ ಮೊದಲನೇ ದಿನವೇ ಒಂದು ತಪ್ಪು ಮಾಡಿದ. ಕಾರಿನ ಮುಂದಿನ ಚಕ್ರದ ಮೇಲಿನ ಮೈ ಒಳಕ್ಕೆ ಕುಸಿದಿತ್ತು. ಬುದ್ಧಿ ಬಂದಾಗಿನಿಂದ ತಗಡು ಬಡಿದವನು, ಅಭ್ಯಾಸಬಲದಿಂದ ಮರದ ಸುತ್ತಿಗೆ ತೆಗೆದುಕೊಂಡು ಒಳಗಡೆಯಿಂದ ಎರಡು ಏಟು ಕೊಟ್ಟ. ತಗಡಾಗಿದ್ದರೆ ಉಬ್ಬಿ ಬರಬೇಕಿತ್ತು. ಇದು ಹಪ್ಪಳದಂತೆ ಮುರಿದು ಅವನ ಕೈಗೇ ಬಂತು. ಆ ಕಾರಿನ ಮೈ ತಗಡಲ್ಲ, ಫೈಬರ್ ಎಂದು ಆಗ ತಿಳಿಯಿತು. ಫೈಬರ್ ಕೆಲಸ ನಮ್ಮ ಕಡೆ ಯಾರಿಗೂ ಬರುತ್ತಿರಲಿಲ್ಲ. ಅಪ್ಪನಿಗೆ ಪುಟ್ಟಮಾದಣ್ಣ ಎಂಬ ಸ್ನೇಹಿತನಿದ್ದ. ನರಸೀಪುರದ ಸಂಗಮದಲ್ಲಿ ಹರಿಗೋಲು ಹೆಣೆದು, ಅದನ್ನೇ ನಡೆಸಿ ಬದುಕುತ್ತಿದ್ದವನು. ಅವನು ಬಂದು ನೋಡಿ, ಒಂದು ವಾರ ನಮ್ಮ ಮನೆಯಲ್ಲೇ ಉಳಿದ. ಬಿದಿರು ಸೀಳಿ, ಮುರಿದ ಜಾಗಕ್ಕೆ ಹರಿಗೋಲಿನ ಹಾಗೇ ಹೆಣೆದು, ಮೇಲೆ ಗೋಣಿತಾಟು ಹೊದಿಸಿ ಟಾರು ಬಳಿದ.

“ಇನ್ನೇನ್ ಬುಡಣ್ಣ, ರೋಡಲ್ಲಿ ಓಡ್ದೆ ಓದ್ರೆ ಒಳೇಲಿ ತೇಲ್ತದೆ,” ಅಂದ.

ಆ ದಿನಗಳ ಊಟ, ಪಾಠ, ಜಗಳ ಎಲ್ಲವೂ ಕಾರಿನ ಸುತ್ತಲೇ ನಡೆದವು. ಗೋಡೆಗೂ ಕಾರಿಗೂ ಮಧ್ಯೆ ಒಬ್ಬರು ನಡೆಯುವಷ್ಟು ಸಂದು. ಅವ್ವ ಮುದ್ದೆಯ ತಟ್ಟೆ ಹಿಡಿದು ಅಡ್ಡಡ್ಡ ನಡೆದು ಬರುತ್ತಿದ್ದಳು. ನೆಂಟರು ಬಂದರೆ ಒಬ್ಬರು ಹೊಸ್ತಿಲ ಮೇಲೆ, ಇನ್ನೊಬ್ಬರು ಕಾರಿನ ಮೂತಿಯ ಮೇಲೆ. ಬಿಸಿಲು ಹಲಗೆ ದಾಟಿ ಒಳಗೆ ಬೀಳುವ ಹೊತ್ತಿಗೆ ಸರಿಯಾಗಿ ಅವ್ವ ಬಾನೆಟ್ಟಿನ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಅಪ್ಪ ಗೊಣಗುತ್ತಿದ್ದ. “ಓಡ್ದೇ ಇರೋದು ಇಷ್ಟಕ್ಕಾದ್ರೂ ಆಗ್ಲಿ,” ಎಂದು ಅವಳು ಇನ್ನೊಂದು ಸಾಲು ಇಡುತ್ತಿದ್ದಳು.

ಸಂಜೆ ಕೈಕಾಲು ತೊಳೆದ ಮೇಲೆ ಅಪ್ಪ ಎಡಗಡೆ ಸ್ಟೇರಿಂಗಿನ ಮುಂದೆ ಕೂರುತ್ತಿದ್ದ. ನನ್ನದು ಬಲಗಡೆ ಸೀಟು. ಅಪ್ಪ ಕೇಳುತ್ತಿದ್ದ:

“ಇವತ್ತು ಎಲ್ಲೀಗವ್ವಾ?”

ನಾನು ಬಹಳ ಸಲ ಮುಡುಕುತೊರೆಗೆ ಎನ್ನುತ್ತಿದ್ದೆ, ಬೆಟ್ಟ ಹತ್ತುವುದು ಇಷ್ಟವೆಂದು. ಅಪ್ಪ ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತಿದ್ದ. ಈಗ ಪೇಟೆ ದಾಟಿದೆವು, ಎದುರಿಗೆ ಕಬ್ಬಿನ ಗಾಡಿ, ನಿಧಾನ, ಈಗ ನಾಲೆ, ಈಗ ನರಸೀಪುರದ ಸೇತುವೆ, ಕೆಳಗೆ ಮಾದಣ್ಣನ ಹರಿಗೋಲು, ಕೈ ಬೀಸು. ನಾನು ಕೈ ಬೀಸುತ್ತಿದ್ದೆ. ಪ್ರತಿ ತಿರುವಿಗೂ ಏನು ಕಾಣುತ್ತದೆಂದು ನಾನು ಹೇಳಬೇಕಿತ್ತು. ಆಗ ನಾನು ಬಾಯಿ ಮುಚ್ಚದ ಹುಡುಗಿ. ಈಗ ನನ್ನನ್ನು ಬಲ್ಲವರು ಇದನ್ನು ನಂಬಲಾರರು.

ನನಗೆ ಒಂಬತ್ತಾದ ವರ್ಷ, ಆಯುಧಪೂಜೆಯ ದಿನ ಕಾರು ಶುರುಮಾಡುವುದೆಂದು ಅಪ್ಪ ಹೇಳಿದ. ಹದಿನೈದು ದಿನ ಮೊದಲೇ ಇಡೀ ಎಂಜಿನ್ನಿಗೆ ಬೆಳ್ಳಿ ಬಣ್ಣ ಬಳಿದ. ಬಣ್ಣದ ಡಬ್ಬ ಹಿಡಿದು ನಿಂತವಳು ನಾನೇ. ಅವ್ವ ಸೋಸಲೆಗೆ ಹೇಳಿಕಳಿಸಿದಳು, ಮಧ್ಯಾಹ್ನದ ಊಟಕ್ಕೆ ಕಾರಲ್ಲಿ ಬರುತ್ತೇವೆ ಎಂದು. ಪೂಜೆಯ ದಿನ ಬೆಳಿಗ್ಗೆ ತಾಮ್ರದ ಚೊಂಬಿನಲ್ಲಿ ಕಪಿಲೆಯ ನೀರು ತರುವ ಕೆಲಸ ನನ್ನದು. ತುಂಬಿ ತಂದೆ. ಸುತ್ತಿಗೆ, ಕತ್ತರಿ, ಇಕ್ಕಳ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ ಹಚ್ಚಿಯಾಗಿತ್ತು. ಅಪ್ಪ ಎಂಜಿನ್ನಿಗೆ ಆಯಿಲ್ ಹಾಕಿ, ಮುಚ್ಚಳ ಹಾಕದೆ, ಚಕ್ರದ ಕೆಳಗಿಡಲು ನಿಂಬೆಹಣ್ಣು ತರುವುದಕ್ಕೆ ಹೋಗಿದ್ದ. ಅವ್ವ ಒಳಗೆ ಸೀರೆ ಉಡುತ್ತಿದ್ದಳು. ನಾನೊಬ್ಬಳೇ ಚೊಂಬು ಹಿಡಿದು ನಿಂತಿದ್ದೆ. ದೇವಸ್ಥಾನದಲ್ಲಿ ಲಿಂಗಕ್ಕೆ ನೆತ್ತಿಯ ಮೇಲೆ ನೀರು ಹಾಕುವುದನ್ನು ದಿನಾ ನೋಡಿದವಳು. ಎಂಜಿನ್ನಿನ ಮೇಲೆ ಆ ದುಂಡನೆಯ ಬಾಯಿ ತೆರೆದಿತ್ತು. ಕಾರಿನ ನೆತ್ತಿ ಅದೇ ಎಂದುಕೊಂಡೆ. ಚೊಂಬು ಖಾಲಿಯಾಗುವವರೆಗೂ ಸುರಿದೆ. ಗುಳುಗುಳು ಎಂದು ಇಳಿಯಿತು. ಕಾರು ಕುಡಿಯಿತೆಂದು ನನಗೆ ಸಂತೋಷವಾಯಿತು. ಅಪ್ಪ ಬಂದ, ಮುಚ್ಚಳ ಮುಚ್ಚಿದ, ನಿಂಬೆಹಣ್ಣು ಇಟ್ಟ.

ಬೀದಿಯೆಲ್ಲ ಸೇರಿತ್ತು. ಮಾದಣ್ಣನೂ ಬಂದಿದ್ದ. ಲಾರಿಯ ಬ್ಯಾಟರಿ ಕೊಟ್ಟರು. ಅಪ್ಪ ಕೈ ಮುಗಿದು ಕೀಲಿ ತಿರುಗಿಸಿದ. ಎಂಜಿನ್ ಎರಡು ಸುತ್ತು ತಿರುಗಿತು. ಆಮೇಲೆ ಒಳಗೆ ಕಬ್ಬಿಣದ ಬಾಗಿಲು ಬಡಿದಂತೆ ಒಂದು ಸದ್ದು, ಅಷ್ಟೇ. ಮತ್ತೆ ತಿರುಗಿಸಿದರೂ ಅಲ್ಲಾಡಲಿಲ್ಲ. ಅಲ್ಲಿದ್ದ ಒಬ್ಬ ಲಾರಿ ಡ್ರೈವರ್ ಬಗ್ಗಿ ನೋಡಿದ.

“ಎಂಜಿನ್ಗೆ ನೀರ್ ಗೀರ್ ಓಗದಾ ನೋಡಣ್ಣ. ನೀರ್ ಓದ್ರೆ ಸತ್ತಂಗೇಯ.”

ಅಪ್ಪ ಕೈ ಒರೆಸಿಕೊಂಡ. ಅವ್ವ ರೇಷ್ಮೆ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದಳು. ಬಸ್ಸಿನಲ್ಲಿ ನಾನು ಇಬ್ಬರ ಮಧ್ಯೆ ಕೂತಿದ್ದೆ, ಕಾರಿನಲ್ಲಿ ಕೂರಬೇಕಾಗಿದ್ದ ಹಾಗೆಯೇ. ಸೋಸಲೆಯಲ್ಲಿ ಒಬ್ಬಟ್ಟು ಬಡಿಸಿದರು, ನಾನು ಎಲೆಯಲ್ಲೇ ಬಿಟ್ಟೆ. ಚೊಂಬನ್ನು ನಾನು ವಾಪಸು ದೇವರ ಮುಂದೆ ಇಟ್ಟು ಬಂದಿದ್ದೆ, ಖಾಲಿ.

ಅವತ್ತಿನಿಂದ ನನ್ನ ಬಾಯಿ ಕಟ್ಟಿತು. ಬಾಯಿ ತೆರೆದರೆ ಅದೇ ಮಾತು ಹೊರಗೆ ಬಂದುಬಿಡುತ್ತದೆಂಬ ಹೆದರಿಕೆ. ಸಂಜೆ ಅಪ್ಪ ಎಡಗಡೆ ಕೂತು, “ಇವತ್ತು ಎಲ್ಲೀಗವ್ವಾ?” ಎಂದರೆ, ಬರೆಯುವುದಿದೆ ಎಂದು ಒಳಗೆ ಹೋಗುತ್ತಿದ್ದೆ. ನಾಲ್ಕೈದು ದಿನ ಕರೆದ, ಆಮೇಲೆ ಕರೆಯುವುದನ್ನು ಬಿಟ್ಟ. ಯಾರಾದರೂ ಕಾರಿನ ಬಗ್ಗೆ ಕೇಳಿದರೆ, “ಒಂದು ಪಾರ್ಟು ಬರ್ಬೇಕು, ಅಮೆರಿಕದಿಂದ,” ಎನ್ನುತ್ತಿದ್ದ. ಆ ಪಾರ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಆಗದ ಕೆಲಸಕ್ಕೆಲ್ಲ ಅದೇ ಹೆಸರಾಯಿತು. ನಲ್ಲಿ ಸೋರಿದರೂ ಅವ್ವ, “ಪಾರ್ಟು ಬರ್ಬೇಕೇನೋ,” ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. ನಾನು ಎದ್ದು ಹೋಗುತ್ತಿದ್ದೆ. ಚಕ್ರದ ಕೆಳಗಿನ ನಿಂಬೆಹಣ್ಣುಗಳು ಅಲ್ಲೇ ಒಣಗಿ ಗೋಲಿಯಂತಾದವು. ಗುಡಿಸುವಾಗ ನಾನು ಅವುಗಳ ಸುತ್ತ ಗುಡಿಸುತ್ತಿದ್ದೆ. ಮುಂದೆ ಬೀದಿಗೆ ಚರಂಡಿ ಬಂತು, ರಸ್ತೆ ಎತ್ತರವಾಯಿತು, ಹುಳು ತಿಂದ ಹಲಗೆಗಳ ಜಾಗಕ್ಕೆ ಇಟ್ಟಿಗೆ ಗೋಡೆ, ಸಣ್ಣ ಬಾಗಿಲು ಬಂತು. ಕಾರು ಒಳಗೇ ಉಳಿಯಿತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತೆ. ಮದುವೆಯಾಗಿ ಹೋದೆ, ಕೆಲವು ವರ್ಷಕ್ಕೆ ವಾಪಸು ಬಂದೆ. ಅದು ಬೇರೆ ಮಾತು. ಬಂದಾಗಲೂ ಸಂದಿನಲ್ಲಿ ಅಡ್ಡಡ್ಡ ನಡೆದೇ ಒಳಗೆ ಹೋದೆ.

ಅಪ್ಪ ತೀರಿಕೊಂಡಾಗ ಅವನನ್ನು ಮಲಗಿಸಲು ಹಜಾರದಲ್ಲಿ ಜಾಗವಿರಲಿಲ್ಲ. ಹೊರಗೆ ಬೀದಿಯಲ್ಲಿ ಶಾಮಿಯಾನ ಹಾಕಿದೆವು. ಹೂವಿನ ಹಾರ ತಂದವರು ಅಪ್ಪನ ಮುಖ ನೋಡಿ, ಬಾಗಿಲಲ್ಲಿ ಇಣುಕಿ ಕಾರನ್ನೂ ನೋಡಿ ಹೋದರು. ಅವತ್ತು ಅಳುವಿಗಿಂತ ಜಾಸ್ತಿ ನನ್ನನ್ನು ಕಾಡಿದ್ದು ಒಂದೇ ಯೋಚನೆ. ಇನ್ನು ಹೇಳುವುದಕ್ಕೂ ಅವನಿಲ್ಲ.

ಮಣ್ಣಿಗೆ ಬಂದವರಲ್ಲಿ ಇರ್ಫಾನ್ ಒಬ್ಬ. ಮೈಸೂರಿನಲ್ಲಿ ಹಳೇ ಕಾರುಗಳನ್ನು ಸರಿಮಾಡುವ ಗ್ಯಾರೇಜು ಅವನದು. ಅಪ್ಪ ಅವನಿಗೆ ತಗಡಿನ ಕೆಲಸ ಮಾಡಿಕೊಡುತ್ತಿದ್ದ. ಕೆಲವು ತಿಂಗಳ ಮೇಲೆ ಬಂದು ಕಾರನ್ನು ಕೇಳಿದ. ಎಂಜಿನ್, ಬ್ರೇಕು ಎಲ್ಲ ಹೊಸ ಕಾಲದ್ದು ಹಾಕಿ ಓಡಿಸುತ್ತೇನೆ, ಹೊರಗಿನ ರೂಪ ಮಾತ್ರ ಇದ್ದ ಹಾಗೇ ಇರುತ್ತದೆ ಎಂದ.

“ತಕ್ಕೊಂಡೋಗಪ್ಪ,” ಅಂದಳು ಅವ್ವ. “ಆದ್ರೆ ಮೊದ್ಲು ನನ್ನ ಅದ್ರಲ್ಲಿ ಸೋಸಲೆಗೆ ಕರ್ಕೊಂಡೋಗ್ಬೇಕು. ಆಮೇಲೆ ಅದು ನಿಂದು.”

“ಆಗ್ಲಿ ಅಮ್ಮ, ನನ್ ಮಾತು.”

“ಮಾತು ಕೊಡೋರ್ನ ಬೇಕಾದಷ್ಟು ನೋಡಿವ್ನಿ.”

ಗೋಡೆ ಒಡೆದು, ಚರಂಡಿಯ ಮೇಲೆ ಕಬ್ಬಿಣದ ಹಲಗೆ ಹಾಸಿ ಕಾರನ್ನು ಹೊರಗೆ ತಂದರು. ಹಜಾರದೊಳಗೆ ಬೆಳಕು ನುಗ್ಗಿತು. ನೆಲದಲ್ಲಿ ನಾಲ್ಕು ಚಕ್ರದ ಗುರುತು. ಅವ್ವ ಹೋಗಿ ನಟ್ಟನಡುವೆ ಕಾಲು ಚಾಚಿ ಕೂತಳು. “ಎಷ್ಟು ದೊಡ್ ಮನೇಲಿದ್ವಲ್ಲೇ ಗಿರಿಜಿ!” ಅಂದಳು. ನನಗೆ ನಗುವೂ ಬಂತು, ಭಯವೂ ಬಂತು. ಎಂಜಿನ್ ಬಿಚ್ಚುತ್ತಾರೆ, ಒಳಗೆ ತುಕ್ಕು ಹಿಡಿದ ನೀರಿನ ಗುರುತು ಸಿಕ್ಕೇ ಸಿಗುತ್ತದೆ, ಆಗ ಅವ್ವನಿಗೆ ಗೊತ್ತಾಗುತ್ತದೆ. ನಲವತ್ತು ವರ್ಷ ಹಜಾರ ಬಿಟ್ಟುಕೊಟ್ಟು ಅಡ್ಡಡ್ಡ ನಡೆದವಳು ಅವಳು.

ಒಂದು ದಿನ ಇರ್ಫಾನ್ ಫೋನ್ ಮಾಡಿ, ಎಂಜಿನ್ ಬಿಚ್ಚಿದ್ದೇನೆ, ಬಂದು ನೋಡಿ ಎಂದ. ಅವ್ವನಿಗೆ ಹೇಳದೆ ಮೈಸೂರು ಬಸ್ಸು ಹತ್ತಿದೆ. ಗ್ಯಾರೇಜಿನಲ್ಲಿ ಎಂಜಿನ್ನನ್ನು ಒಂದು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದ್ದರು. ಅದರ ಪಕ್ಕೆಯಲ್ಲಿ ಅಂಗೈಯಗಲದ ಒಂದು ತಗಡು, ಸುತ್ತಲೂ ರಿವೆಟ್ಟುಗಳು.

“ನೋಡಿ ಅಕ್ಕ, ಇದರ ಹಿಂದೆ ದೊಡ್ಡ ತೂತು. ಒಳಗಡೆ ರಾಡು ಮುರಿದು ಎಂಜಿನ್ ಗೋಡೇನೇ ಒಡ್ಕೊಂಡು ಹೊರಗೆ ಬಂದಿದೆ. ಮುಚ್ಚಿರೋದು ನಿಮ್ಮ ತಂದೇನೇ. ಈ ರಿವೆಟ್ ಸಾಲು ಅವರದ್ದೇ ಕೈ, ನಂಗೊತ್ತು.”

“ನೀರು ಹೋಗಿದ್ರೆ ಹಿಂಗಾಗತ್ತಾ?”

“ನೀರಾ? ಅದು ಹೋದ್ರೆ ಆಯಿಲ್ ಇಳಿಸಿ ಬೇರೆ ಹಾಕಿದ್ರೆ ಆಯ್ತು. ಇದು ಆ ದೊರೆ ಕಾಲದಲ್ಲೇ ಒಡೆದಿರೋದು ಅಕ್ಕ. ಗೋಡೌನಿಗೆ ತಳ್ಳಿದ್ದೇ ಅದಕ್ಕಿರ್ಬೇಕು. ತಗಡು ಮುಚ್ಚಿದ್ರೆ ಇಂಥ ಎಂಜಿನ್ ಓಡಲ್ಲ. ಅದು ನಿಮ್ಮ ತಂದೆಗೂ ಗೊತ್ತಿರತ್ತೆ. ಆದ್ರೂ ಒಂದು ಕೈ ನೋಡಿದಾರೆ.”

ನಾನು ಬಗ್ಗಿ ನೋಡಿದೆ. ತಗಡಿನ ಮೇಲೂ, ರಿವೆಟ್ಟಿನ ತಲೆಗಳ ಮೇಲೂ ಬೆಳ್ಳಿ ಬಣ್ಣ ಇತ್ತು. ಉಗುರಿನಿಂದ ಕೆರೆದೆ. ನಾನು ಡಬ್ಬ ಹಿಡಿದು ನಿಂತಿದ್ದ ಅದೇ ಬಣ್ಣ. ಬಣ್ಣಕ್ಕಿಂತ ಮೊದಲು ತಗಡು, ತಗಡಿಗಿಂತ ಮೊದಲು ತೂತು. ನನ್ನ ಚೊಂಬು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಲ್ಲೇ ಒಂದು ಟೈರಿನ ಮೇಲೆ ಕೂತುಬಿಟ್ಟೆ. ಇರ್ಫಾನ್ ಗಾಬರಿಯಾಗಿ ಟೀ ತರಿಸಿದ. ಆ ತಗಡನ್ನು ಬಿಚ್ಚಿಕೊಡು ಎಂದು ಕೇಳಿ ತಂದೆ. ಅದೀಗ ನನ್ನ ಹೊಲಿಗೆ ಮೆಷಿನ್ನಿನ ಕುಂಟು ಕಾಲಿನ ಕೆಳಗಿದೆ. ಮೆಷಿನ್ನು ಅಲುಗಾಡುವುದು ನಿಂತಿದೆ.

ಕಾರು ತಯಾರಾಗಿ ಬಂದ ದಿನ ಬೀದಿ ಮತ್ತೆ ಸೇರಿತು. ಕೆಂಪು ಬಣ್ಣ, ದುಂಡನೆಯ ಹಳೇ ದೀಪಗಳೊಳಗೆ ಹೊಸ ಬಲ್ಬು. ಎಂಜಿನ್ ಈ ಕಾಲದ್ದು, ಬೆರಳಲ್ಲಿ ತಿರುಗಿಸುವಂಥ ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕು, ಎ.ಸಿ., ಸೀಟ್ ಬೆಲ್ಟು. ಮುಂದಿನ ಚಕ್ರದ ಮೇಲೆ ಮಾದಣ್ಣ ಹೆಣೆದ ಬಿದಿರನ್ನು ಮಾತ್ರ ಇರ್ಫಾನ್ ತೆಗೆದಿರಲಿಲ್ಲ. ಟಾರು ಕೆರೆದು ಅದರ ಮೇಲೇ ಫೈಬರ್ ಕೂರಿಸಿದ್ದ. “ಗಟ್ಟಿ ಇದೆ ಅಕ್ಕ, ಯಾಕೆ ತೆಗೀಬೇಕು?” ಎಂದ. ಅವ್ವ ಬಲಗಡೆ ಕೂತಳು, ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಕಡೆ. ಎಡಗಡೆ ಸ್ಟೇರಿಂಗಿಗೆ ಇರ್ಫಾನ್, ನಾನು ಸ್ಕೂಟಿಯಲ್ಲಿ ಹಿಂದೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಎಪ್ಪತ್ತೈದು ದಾಟಿದ ಮುದುಕಿ, ಸ್ಟೇರಿಂಗೇ ಇಲ್ಲದೆ, ಕೈ ಕಟ್ಟಿಕೊಂಡು ಕೆಂಪು ಕಾರು ಓಡಿಸುತ್ತಿದ್ದಾಳೆ. ಒಂದು ಕಡೆ ಟ್ರ್ಯಾಕ್ಟರಿನವನು ಇಳಿದು ಕೈ ಮುಗಿದ. ಅವ್ವ ಗಂಭೀರವಾಗಿ ತಲೆಯಾಡಿಸಿದಳು.

ನರಸೀಪುರದಲ್ಲಿ ಮಾದಣ್ಣನ ಮನೆ ಮುಂದೆ ನಿಲ್ಲಿಸಿದೆವು. ಈಗ ಅವನಿಗೆ ಕಣ್ಣು ಮಂಜು. ಮಗ ಫೈಬರ್ ಹರಿಗೋಲು ಇಟ್ಟಿದ್ದಾನೆ. ಮಾದಣ್ಣ ಕಾರಿನ ಮೈ ಮೇಲೆ ಕೈಯಾಡಿಸಿ, ಚಕ್ರದ ಒಳಗಡೆ ಬೆರಳು ಹಾಕಿ ತನ್ನ ಬಿದಿರನ್ನು ಮುಟ್ಟಿ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ.

“ಈ ಕೂಸೇ ಅಲ್ವಾ ಎಂಜಿನ್ಗೆ ನೀರ್ ಕುಡಿಸಿದ್ದು?”

ಅವ್ವ ಸೀಟಿನಿಂದಲೇ ತಲೆ ಹೊರಗೆ ಹಾಕಿದಳು.

“ಯಾವ್ ನೀರು?”

“ಆಯುಧಪೂಜೆ ಮಾರ್ನೆ ದಿನ ಕಣಕ್ಕ. ನಾನೂ ಅಣ್ಣಾನೂ ಕೆಳ್ಗಡೆ ಬೋಲ್ಟ್ ಬಿಚ್ಚುದ್ವು. ಮೊದ್ಲು ಆಯಿಲ್ ಬರ್ಬೇಕಲ್ವಾ, ನೀರ್ ಬಂತು, ಸರಿಯಾಗಿ ಒಂದ್ ಚೊಂಬು. ಅಣ್ಣ ನೆಲದ್ ಮ್ಯಾಲೆ ಬಿದ್ದು ಬಿದ್ದು ನಕ್ಕ. ‘ನಮ್ ಗಿರಿಜಿ ಕಣ್ಲಾ, ಸತ್ತೋಗಿರೋ ಎಂಜಿನ್ ಬಾಯ್ಗೆ ತೀರ್ಥ ಬುಟ್ಟವ್ಳೆ’ ಅಂತ.”

“ಸತ್ತೋಗಿರೋದಾ? ನಂಗೆ ಪಾರ್ಟು ಬರ್ಬೇಕು ಅಂದಿದ್ನಲ್ಲ!”

“ತರ್ವಾಗ್ಲೇ ಸತ್ತಿತ್ತು ಕಣಕ್ಕ. ನಿನ್ ತಾವ ಏಳಕ್ಕೆ ಎದ್ರಿಕೆ ಅವ್ನಿಗೆ. ನನ್ ಕೈಲಿ ಆಣೆ ಆಕ್ಸಿದ್ದ.”

“ಅಪ್ಪ ನನ್ನ ಯಾಕೆ ಕೇಳ್ಲಿಲ್ಲ?” ಎಂದೆ. ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿಸಿತು.

“ನಿನ್ ಕೇಳುದ್ರೆ ನೀರಿನ್ ಮಾತು, ನೀರಿನ್ ಮಾತ್ಗೆ ಎಂಜಿನ್ ಮಾತು. ಎಲ್ಲಾ ಒರಗೆ ಬತ್ತಿತ್ತಲ್ಲವ್ವ. ಆದ್ರೆ ಸಂಕಟ ಇತ್ತು ಅವ್ನಿಗೆ. ‘ಕೂಸು ನನ್ ಮ್ಯಾಲೆ ಮುನಿಸ್ಕೊಂಡದೆ ಕಣ್ಲಾ, ಮಾತು ತಪ್ಪುದ್ನಲ್ಲ, ಕಾರಲ್ಲಿ ಜೊತೇಲಿ ಕೂರೋದೇ ಇಲ್ಲ’ ಅಂತಿದ್ದ.”

ಅವ್ವ ನನ್ನ ಕಡೆ ತಿರುಗಿದಳು.

“ಅದುಕ್ಕೇನೇ ನೀನು ಅವತ್ತಿಂದ ಬಾಯ್ ಕಟ್ಕೊಂಡಿದ್ದು?”

ನಾನು ತಲೆಯಾಡಿಸಿದೆ.

“ಅಯ್ಯೋ ನನ್ ಮಗಳೇ. ಅವ್ನೊಂದ್ ಕಡೆ ಮುಚ್ಕೊಂಡ, ನೀನೊಂದ್ ಕಡೆ. ಇಬ್ರ ಮಧ್ಯ ಅಡ್ಡಡ್ಡ ನಡ್ದು ನನ್ ಸೊಂಟ ಓಯ್ತು.”

ಮಾದಣ್ಣ ನಕ್ಕ, ಅವಳೂ ನಕ್ಕಳು. ನನಗೆ ಅಪ್ಪನ ಮೇಲೆ ಒಂದು ಕ್ಷಣ ಕೋಪ ಬಂತು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನಾನೂ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅವನು ನೆಲದ ಮೇಲೆ ಬಿದ್ದು ನಕ್ಕಿದ್ದನಂತೆ. ಮತ್ತೆ ಸ್ಕೂಟಿ ಶುರುಮಾಡಿ ಸೋಸಲೆಯವರೆಗೂ ನಾನು ಹಿಡಿದುಕೊಂಡು ಹೋದದ್ದು ಅದೊಂದನ್ನೇ. ಕೋಪ ದಾರಿಯಲ್ಲೇ ಎಲ್ಲೋ ಇಳಿದುಹೋಯಿತು.

ಸೋಸಲೆಯಲ್ಲಿ ಅವ್ವನ ತವರಿನವರೆಲ್ಲ ಹೊರಗೆ ಬಂದು ನಿಂತಿದ್ದರು. ಅವ್ವ ಇಳಿಯುವ ಆತುರ ತೋರಿಸಲಿಲ್ಲ, ಎಲ್ಲರೂ ನೋಡಿ ಮುಗಿಸಲಿ ಎಂದು ಕೂತೇ ಇದ್ದಳು. ಮುಂದಿನ ಗಾಜಿನ ಮೇಲೆ ದಾರಿಯ ಧೂಳು, ಕಬ್ಬಿನ ಟ್ರ್ಯಾಕ್ಟರಿನಿಂದ ಸಿಡಿದ ಕೆಸರು.

“ಅಕ್ಕ, ಗಾಜು ತೊಳೆಯೋಕೆ ನೀರು ತುಂಬೋದು ಮರೆತೆ,” ಎಂದ ಇರ್ಫಾನ್. “ಒಂದು ಚೊಂಬು ನೀರು ತರ್ತೀರಾ?”

ನೀರು ತಂದೆ. ಅವನು ಬಾನೆಟ್ ಎತ್ತಿ ಒಂದು ಸಣ್ಣ ನೀಲಿ ಮುಚ್ಚಳ ತೆಗೆದ. ದುಂಡನೆಯ ಬಾಯಿ.

“ಇದರೊಳಗಾ?”

“ಹೂಂ, ಇದರೊಳಗೆ.”

“ಎಂಜಿನ್ಗೆ ಹೋಗಲ್ಲ ತಾನೆ?”

ಇರ್ಫಾನ್ ಅರ್ಥವಾಗದೆ ನೋಡಿದ. ಅವ್ವ ಒಳಗಿನಿಂದ ಕೂಗಿದಳು:

“ಸುರಿಯೇ! ನಿಂಗೇನ್ ಒಸದಾ?”

ಚೊಂಬು ಖಾಲಿಯಾಗುವವರೆಗೂ ಸುರಿದೆ. ಗುಳುಗುಳು ಎಂದು ಇಳಿಯಿತು. ಇರ್ಫಾನ್ ಒಳಗೆ ಕೂತು ಏನೋ ಒತ್ತಿದ. ಗಾಜಿನ ಮೇಲೆ ಎರಡು ಎಳೆ ನೀರು ಚಿಮ್ಮಿತು, ಅವ್ವ ಬೆಚ್ಚಿ ಹಿಂದಕ್ಕೆ ಸರಿದಳು. ವೈಪರ್ ಒಂದು ಸಲ ಹೋಗಿ ಬಂತು. ಕೆಸರು ಹೋಗಿ ಅವಳ ಮುಖ ಕಾಣಿಸಿತು.

ಆಮೇಲೆ ಅವಳು ಇಳಿದಳು. ತವರಿನವರ ಕೈ ಹಿಡಿದು ಜಗುಲಿ ಹತ್ತುತ್ತಾ, ತಿರುಗಿ ನೋಡದೆಯೇ, “ನೀನೂ ಒಂದ್ ಸುತ್ತು ಓಗ್ಬಾ,” ಅಂದಳು. ನಾನು ಬಲಗಡೆ ಸೀಟಿನಲ್ಲಿ ಕೂತೆ. ಒಂಬತ್ತು ವರ್ಷದವಳಾಗಿದ್ದಾಗ ಎದ್ದುಹೋದ ಸೀಟು. ಇರ್ಫಾನ್ ಕಾರನ್ನು ರಸ್ತೆಗೆ ತಿರುಗಿಸಿ ಕೇಳಿದ:

“ಎಲ್ಲಿಗೆ ಹೋಗೋಣ ಅಕ್ಕ?”

“ಮುಡುಕುತೊರೆಗೆ,” ಅಂದೆ. “ದಾರಿ ನಂಗೊತ್ತು. ಹೇಳ್ತಾ ಹೋಗ್ತೀನಿ.”